ಮೊದಲು ಷೆಡ್ಡಿನ ಜಾಲರಿ ಮುಚ್ಚಿಸಿ, ಅಕ್ಕ

ಅಕ್ಕ, ಬೆಳಿಗ್ಗೆಯಿಂದ ನಿಮ್ಮ ಕಾರ್ ಷೆಡ್ಡಿನಲ್ಲಿ ಸಾಮಾನು ಎಳೆದಾಡುವ ಸದ್ದು ಕೇಳಿಸುತ್ತಿದೆ. ನಿಮ್ಮ ಮಗನೇ ಗೋಡೆ ಹತ್ತಿರ ಬಂದು ಎಲ್ಲ ಹೇಳಿದ. ಮೈಸೂರಿನಿಂದ ತಾತನ ಜಾವಾ ಬೈಕು ಬಂದಿದೆಯಂತೆ. ನಟ್ಟು, ಬೋಲ್ಟು, ಸ್ಪೋಕ್ಸು, ಹೆಡ್‌ಲೈಟಿನ ಬಳೆ ಎಲ್ಲ ಬಿಚ್ಚಿಟ್ಟಿದ್ದಾನೆ, ಷೆಡ್ಡಿನಲ್ಲೇ ಪ್ಲೇಟಿಂಗ್ ಮಾಡಿಕೊಳ್ಳುತ್ತಾನಂತೆ. ನಿಮಗೆ ಇದು ಇಷ್ಟವಿಲ್ಲ ಅಂತ ನಿಮ್ಮ ಮುಖ ನೋಡಿದರೇ ಗೊತ್ತಾಗುತ್ತದೆ. ಆದರೂ ಬೇಡ ಅನ್ನಬೇಡಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1960ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಂದ ಬಂದ ಗಾಡಿಗೆ ಇವತ್ತು ಅಸಲಿ ಬೋಲ್ಟು ಒಂದು ಸಿಗಬೇಕಾದರೂ ನಮ್ಮ ಮದ್ರಾಸಿನ ಪುದುಪೇಟೆಯ ಗಲ್ಲಿಗಳನ್ನೆಲ್ಲ ಸುತ್ತಬೇಕು. ಇದ್ದದ್ದನ್ನು ತೊಳೆದು, ತುಕ್ಕು ತೆಗೆದು, ಮೇಲೊಂದು ಲೇಪ ಕೊಟ್ಟು ಉಳಿಸಿಕೊಳ್ಳುವುದೇ ದಾರಿ. ದೊಡ್ಡ ಪ್ಲೇಟಿಂಗ್ ಷಾಪಿನವರು ಒಂದು ಡಬ್ಬಿ ಬೋಲ್ಟನ್ನು ಕೈಯಿಂದಲೂ ಮುಟ್ಟುವುದಿಲ್ಲ, ಅವರಿಗೆ ಮೂಟೆಗಟ್ಟಲೆ ಬೇಕು. ಹುಡುಗ ತಾನೇ ಮಾಡಿಕೊಳ್ಳುತ್ತೇನೆ ಅನ್ನುವುದರಲ್ಲಿ ನ್ಯಾಯವಿದೆ.

ಅಂಬತ್ತೂರಿನ ಒಂದು ಕಾರ್ಖಾನೆಯ ಪ್ಲೇಟಿಂಗ್ ಲ್ಯಾಬಿನಲ್ಲಿ ಕೆಲಸ ಮಾಡಿ ರಿಟೈರ್ ಆದವಳು ನಾನು, ನಿಮಗೆ ಗೊತ್ತೇ ಇದೆ. ಅದಕ್ಕೇ ಇಷ್ಟು ಹಕ್ಕಿನಿಂದ ಹೇಳುತ್ತಿದ್ದೇನೆ. ಈ ಕೆಲಸ ಅಂದರೆ ಎಲ್ಲರೂ ಹೆದರುವುದು ಆಸಿಡ್ಡಿಗೆ. ಆಸಿಡ್ ಬಿದ್ದರೆ ಉರಿಯುತ್ತದೆ, ಹಾಗಾಗಿ ಎಚ್ಚರವೂ ತಾನಾಗಿ ಬರುತ್ತದೆ. ನನಗೆ ಹೆಚ್ಚು ಹೆದರಿಕೆ ಇರುವುದು ಕೆಲಸ ಮುಗಿದ ಮೇಲೆ ಬಕೆಟ್ಟಿನಲ್ಲಿ ಉಳಿಯುವ ತಿಳಿಹಸಿರು ನೀರಿನದು. ಅದು ಉರಿಯುವುದಿಲ್ಲ, ನಾರುವುದಿಲ್ಲ. ಬಚ್ಚಲಿಗೆ ಚೆಲ್ಲಿದರೆ ಹೋಯಿತು ಅನ್ನಿಸುತ್ತದೆ. ಹೋಗುವುದಿಲ್ಲ ಅಕ್ಕ, ನಿಮ್ಮ ಬೋರಿಗೆ ಬರುತ್ತದೆ, ಇಲ್ಲವೇ ನಮ್ಮ ಬೋರಿಗೆ.

ಅದಕ್ಕೆ ಮೊದಲು ಏನು ಮಾಡಬಾರದು ಅನ್ನುವುದನ್ನು ಖಡಾಖಂಡಿತ ಮಾಡಿಕೊಳ್ಳೋಣ. ಕ್ರೋಮ್ ಬೇಡ. ಜಾವಾದ ಟ್ಯಾಂಕಿನ ಪಕ್ಕದಲ್ಲಿ ಕನ್ನಡಿಯ ಹಾಗೆ ಹೊಳೆಯುವುದು ಕ್ರೋಮೇ, ಅದಿಲ್ಲದೆ ಗಾಡಿ ಗಾಡಿಯಲ್ಲ ಅಂತ ಅವನು ವಾದ ಮಾಡುತ್ತಾನೆ, ಮಾಡಲಿ. ಲೇಪದ ದ್ರಾವಣವನ್ನು ಬಾತ್ ಅನ್ನುತ್ತಾರೆ, ಕ್ರೋಮಿನ ಬಾತ್‌ನಲ್ಲಿರುವುದು ಹೆಕ್ಸಾವೇಲೆಂಟ್ ಕ್ರೋಮಿಯಂ. ಅದರಲ್ಲಿ ಹಾಯಿಸಿದ ಕರೆಂಟಿನ ಐದರಲ್ಲಿ ಒಂದು ಪಾಲೂ ಲೇಪ ಕೂರಿಸುವುದಕ್ಕೆ ಹೋಗುವುದಿಲ್ಲ. ಮಿಕ್ಕದ್ದು ಹೆಚ್ಚಾಗಿ ಹೈಡ್ರೋಜನ್ ಗುಳ್ಳೆಯಾಗಿ ಮೇಲೆ ಬರುತ್ತದೆ, ಗುಳ್ಳೆ ಒಡೆದಾಗ ಕ್ರೋಮಿಕ್ ಆಮ್ಲದ ಸಣ್ಣ ಮಂಜು ಗಾಳಿಗೆ ಏರುತ್ತದೆ. ಅದನ್ನು ಉಸಿರಾಡಿದವರಿಗೆ ಶ್ವಾಸಕೋಶದ ಕ್ಯಾನ್ಸರ್ ಬರಬಹುದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ಕ್ರೋಮಿಯಂ ಅನ್ನು ಕ್ಯಾನ್ಸರ್‌ಕಾರಕಗಳ ಒಂದನೇ ಗುಂಪಿನಲ್ಲೇ ಸೇರಿಸಿಟ್ಟಿದೆ. ಕ್ರೋಮ್ ಕೆಲಸದ ಹಳಬರಲ್ಲಿ ಕೆಲವರ ಮೂಗಿನ ನಡುವಿನ ಗೋಡೆಯೇ ತೂತಾಗಿರುತ್ತಿತ್ತು. ಬೆಂಗಳೂರಿಗೆ ಹೋಗುವ ದಾರಿಯಲ್ಲಿ ರಾಣಿಪೇಟೆ ಸಿಗುತ್ತದಲ್ಲ, ಅಲ್ಲಿ ಕ್ರೋಮೇಟ್ ತಯಾರಿಸುತ್ತಿದ್ದ ಕಾರ್ಖಾನೆ ಮುಚ್ಚಿ ದಶಕಗಳೇ ಆದವು. ಅದು ಬಿಟ್ಟುಹೋದ ಲಕ್ಷಕ್ಕೂ ಮೀರಿದ ಟನ್ ಕಸ ನೆಲದೊಳಗಿನ ನೀರನ್ನು ಹಳದಿ ಮಾಡಿತು. ಬೆಂಗಳೂರಿನ ಪೀಣ್ಯದ ಬೋರ್‌ವೆಲ್ಲುಗಳಲ್ಲೂ ಇದೇ ಕ್ರೋಮಿಯಂ ಸಿಕ್ಕಿದೆ, ಅಲ್ಲಿ ಇಂಥ ಸಣ್ಣ ಸಣ್ಣ ಪ್ಲೇಟಿಂಗ್ ಷೆಡ್ಡುಗಳು ಬೇಕಾದಷ್ಟಿವೆ. ಟ್ಯಾಂಕು, ಹ್ಯಾಂಡಲ್ಲು, ಸೈಲೆನ್ಸರ್ ಮೂರನ್ನೂ ಲೈಸೆನ್ಸ್ ಇರುವ ಷಾಪಿಗೇ ಕೊಡಲಿ. ದೊಡ್ಡ ಸಾಮಾನಾದ್ದರಿಂದ ಅವರು ಒಪ್ಪಿಕೊಳ್ಳುತ್ತಾರೆ.

ಎರಡನೆಯದು ಸಯನೈಡ್. ಬೆಳ್ಳಿ ಗಿಲೀಟು, ಚಿನ್ನದ ಗಿಲೀಟು ಅಂದರೆ 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್‌ಗಳು ಪೇಟೆಂಟ್ ಪಡೆದಾಗಿನಿಂದ ಇವತ್ತಿನವರೆಗೂ ಮುಖ್ಯವಾಗಿ ಸಯನೈಡ್ ದ್ರಾವಣವೇ. ಸೌಕಾರ್‌ಪೇಟೆಯಲ್ಲಿ ಭರತನಾಟ್ಯದ ಒಡವೆಗೆ ಮೆರುಗು ಕೊಡುವವರು ಬಳಸುವುದೂ ಹೆಚ್ಚಾಗಿ ಅದನ್ನೇ. ಸಯನೈಡ್ ಇರುವ ಕೋಣೆಯಲ್ಲಿ ಆಸಿಡ್ ಇರಕೂಡದು. ಎರಡೂ ಸೇರಿದರೆ ಹೈಡ್ರೋಜನ್ ಸಯನೈಡ್ ಅನಿಲ ಏಳುತ್ತದೆ, ಆಮೇಲೆ ಬಾಗಿಲವರೆಗೆ ಓಡುವಷ್ಟೂ ಸಮಯ ಸಿಗದೆ ಹೋಗಬಹುದು. ಮನೆಯಲ್ಲಿ ಒಂದೇ ಷೆಡ್ಡು, ಒಂದೇ ಬಕೆಟ್ಟು, ಒಂದೇ ಜೊತೆ ಕೈಗವಸು. ಅಲ್ಲಿಗೆ ಸಯನೈಡ್ ಕಾಲಿಡಲೇಬಾರದು. ನಿಮ್ಮ ದೇವರ ಮನೆಯ ಬೆಳ್ಳಿ ಲೇಪದ ತಟ್ಟೆ ಸವೆದಿದೆ, ಅದನ್ನೂ ಇವನೇ ಮಾಡಿಬಿಡಲಿ ಅಂತ ಭಾವ ಹೇಳಿದರೂ ಒಪ್ಪಬೇಡಿ.

ಉಳಿದದ್ದು ಸತು, ನಿಕ್ಕಲ್, ತಾಮ್ರ. ಒಂದು ಜಾವಾಕ್ಕೆ ಇಷ್ಟು ಸಾಕು. ಬೋಲ್ಟುಗಳಿಗೆ ಸತುವಿನ ಕ್ಲೋರೈಡ್ ಬಾತ್ ಚೆನ್ನ. ಅದು ನಮ್ಮ ಕೋಣೆಯ ಉಷ್ಣದಲ್ಲೇ ನಡೆಯುತ್ತದೆ, ಕಾಯಿಸಬೇಕಾಗಿಲ್ಲ. ಆದರೆ ಸತು ಹಾಕಿದ ಮೇಲೆ ಹೊಳಪು ಉಳಿಯಲಿ ಅಂತ ಪ್ಯಾಸಿವೇಷನ್ ದ್ರಾವಣದಲ್ಲಿ ಅದ್ದುತ್ತಾರೆ, ಅಲ್ಲೇ ತುಂಬಾ ಜನ ಎಡವುವುದು. ಹಳೇ ಹಳದಿ ಪ್ಯಾಸಿವೇಷನ್‌ನಲ್ಲಿರುವುದು ಅದೇ ಹೆಕ್ಸಾವೇಲೆಂಟ್ ಕ್ರೋಮಿಯಂ. ಮುಂಬಾಗಿಲಲ್ಲಿ ಬೇಡ ಅಂದದ್ದು ಹಿತ್ತಿಲಿಂದ ಬಂದ ಹಾಗಾಗುತ್ತದೆ. ಅಂಗಡಿಯಲ್ಲಿ ಟ್ರೈವೇಲೆಂಟ್ ಅಂತ ಹೆಸರು ಹಿಡಿದು ಕೇಳಿ ತರಲಿ. ಇನ್ನು ನಿಕ್ಕಲ್ಲಿಗೆ 1916ರಲ್ಲಿ ಅಮೆರಿಕದ ಆಲಿವರ್ ವಾಟ್ಸ್ ಹೇಳಿಕೊಟ್ಟ ಪಾಕವೇ ಇವತ್ತಿಗೂ ನಡೆಯುತ್ತಿದೆ. ನಿಕ್ಕಲ್ ಸಲ್ಫೇಟ್, ನಿಕ್ಕಲ್ ಕ್ಲೋರೈಡ್, ಬೋರಿಕ್ ಆಮ್ಲ ಸೇರಿಸಿ ಐವತ್ತು ಡಿಗ್ರಿ ಆಸುಪಾಸಿಗೆ ಕಾಯಿಸುವುದು. ತಾಮ್ರದ ಆಸಿಡ್ ಬಾತ್‌ಗೆ ಮೂವತ್ತು ಡಿಗ್ರಿ ದಾಟಿದರೆ ಆಗದು, ಬ್ರೈಟ್‌ನರ್ ಕೆಟ್ಟು ಲೇಪ ಮಂಕಾಗುತ್ತದೆ. ಅಂದರೆ ಮೇ ತಿಂಗಳ ಮದ್ರಾಸಿನಲ್ಲಿ ತಾಮ್ರದ ಕೆಲಸ ಇಲ್ಲವೇ ಇಲ್ಲ, ಅದಕ್ಕೆ ಮಾರ್ಗಳಿಯ ಚಳಿ ಬರಬೇಕು.

ಜಾಗದ ವಿಷಯ. ತಾರಸಿಯ ಮೇಲಿನ ರೂಮಿನಲ್ಲಿ ಮಾಡಿಕೊಳ್ಳಲಿ, ಗಾಳಿ ಚೆನ್ನಾಗಿದೆ ಅಂತ ನೀವು ಅಂದಿರಿ. ನನಗೆ ಅದು ಸರಿ ಕಾಣುವುದಿಲ್ಲ. ಅಲ್ಲಿ ನಿಮ್ಮ ನೀರಿನ ಟ್ಯಾಂಕಿದೆ, ಬಟ್ಟೆಯ ಹಗ್ಗ ಇದೆ, ಬೇಸಿಗೆಯಲ್ಲಿ ನೀವೇ ಸಂಡಿಗೆ ಹಾಕುತ್ತೀರಿ, ಏಸಿಯ ಹೊರಗಿನ ಡಬ್ಬ ಅಲ್ಲೇ ಇದೆ. ಆಸಿಡ್ ಆವಿ ಇವೆಲ್ಲದರ ಮೇಲೂ ಕೂರುತ್ತದೆ, ಏಸಿಯ ತಾಮ್ರದ ಕೊಳವೆಯನ್ನು ತಿನ್ನುತ್ತದೆ. ಅದಕ್ಕಿಂತ ಹೆಚ್ಚಾಗಿ ಆಸಿಡ್ ಕ್ಯಾನು ಹಿಡಿದು ಮೆಟ್ಟಿಲು ಹತ್ತುವುದೇ ಅಪಾಯ. ಕೆಳಗಿನ ಷೆಡ್ಡೇ ಸರಿ. ಮನೆಯ ಗೋಡೆಗೆ ಅಂಟಿಕೊಂಡಿಲ್ಲ, ಎರಡು ಕಡೆ ಕಿಟಕಿ ಇದೆ, ಬಾಗಿಲು ಹೊರಗೆ ತೆರೆಯುತ್ತದೆ.

ಕೆಳಗಿದೆ ಅಂದಮೇಲೆ 2015ರ ಡಿಸೆಂಬರನ್ನು ಮರೆಯುವ ಹಾಗಿಲ್ಲ. ಅಡ್ಯಾರ್ ನದಿ ಉಕ್ಕಿದ ರಾತ್ರಿ ನಮ್ಮ ಅಶೋಕ್ ನಗರದ ಬೀದಿಗಳಲ್ಲಿ ನೀರು ನಿಂತದ್ದು ನೀವೂ ನೋಡಿದ್ದೀರಿ, 2023ರಲ್ಲಿ ಮಿಚಾಂಗ್ ಚಂಡಮಾರುತ ಬಂದಾಗಲೂ ನೋಡಿದಿರಿ. ನೆಲದ ಮೇಲಿಟ್ಟ ನಿಕ್ಕಲ್ ಬಾತ್ ಅಂಥ ದಿನ ಇಡೀ ಬೀದಿಗೆ ಹರಿದು ಹಂಚಿಹೋಗುತ್ತದೆ. ಹಾಗಾಗಿ ಬಾತ್‌ಗಳು, ಪುಡಿಗಳು, ಆಸಿಡ್ ಎಲ್ಲವೂ ಬಿಗಿ ಮುಚ್ಚಳದ ಕ್ಯಾನಿನಲ್ಲಿ, ಎದೆಮಟ್ಟದ ಶೆಲ್ಫಿನಲ್ಲಿ ಇರಬೇಕು. ಅದಕ್ಕಿಂತ ಎತ್ತರ ಬೇಡ, ತಲೆಯ ಮೇಲಿಂದ ಆಸಿಡ್ ಇಳಿಸುವುದು ಇನ್ನೊಂದು ಗಂಡಾಂತರ. ಅಕ್ಟೋಬರ್ ಬರುತ್ತಿದ್ದಂತೆ ತೊಟ್ಟಿಗಳನ್ನು ಖಾಲಿ ಮಾಡಿ ಕ್ಯಾನಿಗೆ ತುಂಬಿ, ಮಳೆಗಾಲ ಮುಗಿಯುವ ತನಕ ದೊಡ್ಡ ತೊಟ್ಟಿ ಬಿಚ್ಚಲೇಬಾರದು. ಮಾರ್ಗಳಿಯಲ್ಲಿ ತಾಮ್ರದ ಕೆಲಸ ಮಾಡುವುದಾದರೂ ಒಣಗಿದ ದಿನ ನೋಡಿಕೊಂಡು, ಐದು ಲೀಟರಿನ ಡಬ್ಬಿಯಲ್ಲಿ ಮಾಡಿ, ಸಂಜೆಗೆ ಮತ್ತೆ ಕ್ಯಾನಿಗೆ ಸುರಿದಿಡಲಿ.

ಷೆಡ್ಡಿನಲ್ಲಿ ಕೆಲಸಕ್ಕೆ ಅಂತ ಕಟ್ಟಿದ ಕಟ್ಟೆಗೆ ಕಡಪ ಕಲ್ಲು ಹಾಸಿದ್ದೀರಿ. ಕಡಪ ಕಲ್ಲು ಸುಣ್ಣದ ಜಾತಿಯದು, ಒಂದು ಹನಿ ಆಸಿಡ್ ಬಿದ್ದರೆ ಸುರ್ ಅಂತ ನೊರೆ ಎದ್ದು ಅಲ್ಲೊಂದು ಬಿಳಿ ಮಚ್ಚೆ ಕೂರುತ್ತದೆ. ಸಿಮೆಂಟ್ ನೆಲದ ಕಥೆಯೂ ಅದೇ. ಎರಡರ ಮೇಲೂ ಅಂಚು ಎತ್ತರವಿರುವ ದಪ್ಪ ಪ್ಲಾಸ್ಟಿಕ್ ಟ್ರೇ ಇಟ್ಟು, ಪ್ರತಿ ತೊಟ್ಟಿಯೂ ಟ್ರೇಯೊಳಗೇ ಕೂರಬೇಕು. ತೊಟ್ಟಿ ಒಡೆದರೆ ಅದರಲ್ಲಿದ್ದದ್ದೆಲ್ಲ ಟ್ರೇಯಲ್ಲೇ ನಿಲ್ಲುವಷ್ಟು ದೊಡ್ಡದಿರಲಿ.

ಇನ್ನು ಆ ಜಾಲರಿ. ನಿಮ್ಮ ಷೆಡ್ಡಿನ ನೆಲದಲ್ಲಿ ಕಾರು ತೊಳೆದ ನೀರು ಹೋಗಲಿ ಅಂತ ಒಂದು ಜಾಲರಿ ಇದೆಯಲ್ಲ, ಅದು ಎಲ್ಲಿಗೆ ಹೋಗುತ್ತದೆ ಗೊತ್ತೇ? ಹಿಂದಿನ ಮಳೆನೀರಿನ ಗುಂಡಿಗೆ. 2003ರಲ್ಲಿ ತಮಿಳುನಾಡು ಸರ್ಕಾರ ಪ್ರತಿ ಕಟ್ಟಡಕ್ಕೂ ಮಳೆನೀರು ಇಂಗಿಸುವ ವ್ಯವಸ್ಥೆ ಕಡ್ಡಾಯ ಮಾಡಿದಾಗ ನಾವಿಬ್ಬರೂ ಒಂದೇ ಮೇಸ್ತ್ರಿ ಕೈಯಲ್ಲಿ ಮಾಡಿಸಿದ್ದು ಅದು. ಮದ್ರಾಸ್ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದು ಅಂತ ನಾನು ಇವತ್ತಿಗೂ ಹೇಳುತ್ತೇನೆ. ಚಾವಣಿಯ ನೀರು ಜಲ್ಲಿ, ಮರಳು ದಾಟಿ ನೇರ ನೆಲದೊಳಕ್ಕೆ ಇಳಿಯುತ್ತದೆ. ಮಳೆನೀರು ಹೇಗೆ ಇಳಿಯುತ್ತದೋ ನಿಕ್ಕಲ್ ನೀರೂ ಹಾಗೇ ಇಳಿಯುತ್ತದೆ. ಜಲ್ಲಿ ಮರಳು ಅದನ್ನು ತಡೆಯಲಾರವು.

ಲೆಕ್ಕ ಹಾಕಿ ತೋರಿಸುತ್ತೇನೆ. ವಾಟ್ಸ್ ಬಾತ್‌ನ ಒಂದು ಲೀಟರಿನಲ್ಲಿ ಸುಮಾರು 75 ಗ್ರಾಂ ನಿಕ್ಕಲ್ ಇರುತ್ತದೆ. ಬೋಲ್ಟುಗಳನ್ನು ಮೇಲೆತ್ತಿದಾಗ ಅವುಗಳಿಗೆ ಅಂಟಿಕೊಂಡು ಒಂದು ಒಳಲೆಯಷ್ಟು, ಇಪ್ಪತ್ತು ಎಂಎಲ್, ದ್ರಾವಣ ಬಂತು ಅಂದುಕೊಳ್ಳಿ. ಅದರಲ್ಲಿ ಒಂದೂವರೆ ಗ್ರಾಂ ನಿಕ್ಕಲ್ ಇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 0.02 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ಭಾರತೀಯ ಮಾನಕ. ಹಾಗಾದರೆ ಆ ಒಂದು ಒಳಲೆ ಕೆಡಿಸಬಲ್ಲ ನೀರು 75,000 ಲೀಟರ್. ಹನ್ನೆರಡು ಸಾವಿರ ಲೀಟರಿನ ಮೆಟ್ರೋವಾಟರ್ ಲಾರಿಗಳು ಆರು ಬಂದು ನಿಂತರೂ ಸಾಲದು. 2019ರ ಬೇಸಿಗೆಯಲ್ಲಿ ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ತರಿಸಿಕೊಂಡ ಊರು ಇದು. ಇಂಥ ಊರಿನಲ್ಲಿ ಯಾರಿಗೂ ಒಂದು ಒಳಲೆ ಚೆಲ್ಲುವ ಹಕ್ಕಿಲ್ಲ. ಅದಕ್ಕೇ ಜಾಲರಿಯನ್ನು ಮೇಸ್ತ್ರಿ ಕರೆಸಿ ಸಿಮೆಂಟ್ ಹಾಕಿ ಮುಚ್ಚಿಸಿ, ಮೇಲೆ ಎಪಾಕ್ಸಿ ಬಳಿಸಿ ಅಂತ ನಾನು ಹಟ ಹಿಡಿಯುವುದು. ಬಟ್ಟೆ ತುರುಕಿ ಮುಚ್ಚಿದ್ದೇನೆ ಅಂದರೆ ನಾನು ಒಪ್ಪುವುದಿಲ್ಲ. ಷೆಡ್ಡಿನೊಳಗೆ ನಲ್ಲಿಯೂ ಬೇಡ. ನಲ್ಲಿ ಇದ್ದರೆ ಕೈ ತಾನಾಗಿ ಅದರ ಕೆಳಗೆ ತೊಳೆಯಲು ಹೋಗುತ್ತದೆ.

ನಲ್ಲಿ ಇಲ್ಲದೆ ತೊಳೆಯುವುದು ಹೇಗೆ? ಕಾರ್ಖಾನೆಯಲ್ಲೂ ಬುದ್ಧಿ ಇದ್ದವರು ಹೀಗೇ ತೊಳೆಯುವುದು. ಮೂರು ಬಕೆಟ್ಟು ಸಾಲಾಗಿ ಇಡಬೇಕು. ಬಾತ್‌ನಿಂದ ಎತ್ತಿದ ಸಾಮಾನನ್ನು ಅದರ ಮೇಲೆಯೇ ಹಿಡಿದು, ಹನಿ ನಿಲ್ಲುವ ತನಕ ಕಾಯಬೇಕು. ಅಲ್ಲೇ ಅರ್ಧ ಕೆಲಸ ಮುಗಿಯಿತು. ಆಮೇಲೆ ಒಂದನೇ ಬಕೆಟ್ಟು, ಎರಡನೇದು, ಮೂರನೇದು. ಒಂದನೆಯದರಲ್ಲಿ ನಿಕ್ಕಲ್ ಸೇರುತ್ತಾ ಹೋಗುತ್ತದೆ. ಬಿಸಿ ಬಾತ್‌ನಿಂದ ದಿನವೂ ನೀರು ಆವಿಯಾಗುತ್ತದಲ್ಲ, ಅದನ್ನು ತುಂಬಿಸುವುದಕ್ಕೆ ಈ ಒಂದನೇ ಬಕೆಟ್ಟಿನ ನೀರೇ. ಎರಡನೆಯದು ಒಂದನೆಯದಕ್ಕೆ, ಮೂರನೆಯದು ಎರಡನೆಯದಕ್ಕೆ. ಹೊಸ ನೀರು ಬೇಕಾಗುವುದು ಮೂರನೆಯದಕ್ಕೆ ಮಾತ್ರ, ಅದೂ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅಥವಾ ಆರ್‌ಓ ನೀರು. ನಮ್ಮ ಬೋರಿನ ಉಪ್ಪುನೀರು ಹಾಕಿದರೆ ಬಾತ್ ಕೆಟ್ಟುಹೋಗುತ್ತದೆ. ಇಷ್ಟಾದರೆ ಹೊರಗೆ ಚೆಲ್ಲುವ ನೀರೇ ಇರುವುದಿಲ್ಲ, ನಿಕ್ಕಲ್ಲಿನ ದುಡ್ಡೂ ಉಳಿಯುತ್ತದೆ.

ಆದರೂ ಕೊನೆಗೆ ಕೆಟ್ಟ ಬಾತ್ ಒಂದು, ಕೊಳೆ ಬಕೆಟ್ಟು ಒಂದು ಉಳಿದೇ ಉಳಿಯುತ್ತದೆ. ಇಲ್ಲಿ ನಮ್ಮೂರಿನ ಅಡಿಕೆ ತೋಟದ ವಿದ್ಯೆ ಕೈ ಹಿಡಿಯುತ್ತದೆ. ನಾನು ತೀರ್ಥಹಳ್ಳಿ ಕಡೆಯವಳು. ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಔಷಧಿ ಹೊಡೆಯುತ್ತಿದ್ದರಲ್ಲ, ಆ ಬೋರ್ಡೋ ದ್ರಾವಣ ಮಾಡುವುದು ನಮ್ಮ ಅಪ್ಪಯ್ಯನ ಕೆಲಸ. ಮೈಸೂರು ಸಂಸ್ಥಾನದಲ್ಲಿ 1910ರ ಸುಮಾರಿಗೆ ಲೆಸ್ಲಿ ಕೋಲ್ಮನ್ ಎನ್ನುವ ಕೆನಡಾದ ವಿಜ್ಞಾನಿ ಅಡಿಕೆಗೆ ಇದನ್ನು ಹೇಳಿಕೊಟ್ಟದ್ದು. ನೂರು ಲೀಟರ್ ನೀರಿಗೆ ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ. ಒಂದು ಹಂಡೆಯಲ್ಲಿ ಮೈಲುತುತ್ತ ಕರಗಿಸಿ, ಇನ್ನೊಂದರಲ್ಲಿ ಸುಣ್ಣದ ತಿಳಿ ಮಾಡಿ, ಎರಡನ್ನೂ ಸೇರಿಸಿ ಕಲಕುತ್ತಿದ್ದರು. ಕಡುನೀಲಿ ಹೋಗಿ ಆಕಾಶದ ಬಣ್ಣದ ಗಂಜಿಯಾಗುತ್ತಿತ್ತು. ಆಮೇಲೆ ಅಪ್ಪಯ್ಯ ಉಜ್ಜಿ ಬೆಳ್ಳಗೆ ಮಾಡಿದ ಕತ್ತಿಯನ್ನು ಅದರಲ್ಲಿ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ಎತ್ತಿ ಬೆಳಕಿಗೆ ಹಿಡಿಯುತ್ತಿದ್ದರು. ಅಲಗಿನ ಮೇಲೆ ಕೆಂಪು ಕೂತಿದ್ದರೆ ಸುಣ್ಣ ಸಾಲದು, ಇನ್ನೊಂದು ತಂಬಿಗೆ ಹಾಕು. ಅಲಗು ಬೆಳ್ಳಗೇ ಇದ್ದರೆ ಸರಿಯಾಯಿತು, ಹೊಡೆಯಿರಿ. ಕತ್ತಿಯ ಮೇಲೆ ಕೂರುವ ಆ ಕೆಂಪು ತಾಮ್ರವೇ ಅಕ್ಕ, ನಾನು ನೋಡಿದ ಮೊದಲ ಪ್ಲೇಟಿಂಗ್. ನೀರಿನಲ್ಲಿ ಕರಗಿದ ತಾಮ್ರ ಉಳಿದಿದ್ದರೆ ಕಬ್ಬಿಣದ ಮೇಲೆ ಬಂದು ಕೂರುತ್ತದೆ, ಸುಣ್ಣ ಅದನ್ನೆಲ್ಲ ಹಿಡಿದು ಗಸಿ ಮಾಡಿದ್ದರೆ ಕೂರುವುದಿಲ್ಲ.

ಷೆಡ್ಡಿನ ತಾಮ್ರದ ಕೊಳೆನೀರಿಗೂ ಅದೇ ಸುಣ್ಣ, ಅದೇ ಪರೀಕ್ಷೆ. ಸುಣ್ಣದ ತಿಳಿ ಹಾಕುತ್ತಾ ಕಲಕಿದರೆ ತಾಮ್ರ ತಿಳಿನೀಲಿ ಗಸಿಯಾಗಿ ಕೆಳಗೆ ಕೂರುತ್ತದೆ. ನಿಕ್ಕಲ್ ಹಸಿರು ಗಸಿ, ಸತು ಬಿಳಿ ಗಸಿ. ನಿಕ್ಕಲ್ಲಿಗೆ ಕತ್ತಿಯ ಪರೀಕ್ಷೆ ನಡೆಯುವುದಿಲ್ಲ, ಪಿಎಚ್ ಕಾಗದ ಬೇಕು, ಹತ್ತರ ಹತ್ತಿರಕ್ಕೆ ಬರಬೇಕು. ಸತುವಿಗೆ ಒಂಬತ್ತು ದಾಟಿದರೆ ಸಾಕು, ಜಾಸ್ತಿ ಸುರಿದರೆ ಮತ್ತೆ ಕರಗಿಕೊಳ್ಳುತ್ತದೆ. ರಾತ್ರಿಯಿಡೀ ಬಿಟ್ಟರೆ ಮೇಲೆ ತಿಳಿ ನಿಲ್ಲುತ್ತದೆ. ಆ ತಿಳಿಯನ್ನೂ ನಾನು ಚೆಲ್ಲುವುದಕ್ಕೆ ಬಿಡುವುದಿಲ್ಲ, ಅದರಲ್ಲಿ ಇನ್ನೂ ಚೂರುಪಾರು ಲೋಹ ಇರುತ್ತದೆ. ಅಗಲ ಬಾಯಿಯ ತೊಟ್ಟಿಯಲ್ಲಿ, ಮೇಲೆ ಕಾಗೆ ಬೆಕ್ಕು ಬಾಯಿ ಹಾಕದ ಹಾಗೆ ಬಲೆ ಬಿಗಿದು, ಷೆಡ್ಡಿನ ಮಾಡಿನಡಿ ಇಟ್ಟರೆ ಮದ್ರಾಸಿನ ಸೆಕೆ ಅದನ್ನು ಕುಡಿದುಬಿಡುತ್ತದೆ. ಗಸಿ ಪೂರ್ತಿ ಒಣಗಿ ಧೂಳಾಗಬಾರದು, ಒದ್ದೆ ಇದ್ದಾಗಲೇ ಕ್ಯಾನಿಗೆ ತುಂಬಿ ಚೀಟಿ ಅಂಟಿಸಬೇಕು. ಕಾರ್ಖಾನೆಗಳ ಇಂಥ ಗಸಿ ಗುಮ್ಮಿಡಿಪೂಂಡಿಯಲ್ಲಿರುವ ಅಪಾಯಕಾರಿ ತ್ಯಾಜ್ಯದ ಜಾಗಕ್ಕೆ ಹೋಗುತ್ತದೆ. ನಿಮ್ಮ ಹುಡುಗ ಕ್ರೋಮ್ ಮಾಡಿಸುವ ಷಾಪಿನವರನ್ನೇ ಮೊದಲು ಕೇಳಿಕೊಳ್ಳಲಿ, ತಮ್ಮ ಗಸಿಯ ಜೊತೆ ಇವನ ಕ್ಯಾನನ್ನೂ ಸೇರಿಸಿಕೊಳ್ಳುತ್ತಾರಾ ಅಂತ. ಹೂಂ ಅಂದ ಮೇಲೆ ಬಾತ್ ಮಾಡಲಿ, ಅದಕ್ಕೂ ಮುಂಚೆ ಬೇಡ.

ತುಕ್ಕು ತೆಗೆಯಲು ಬಾತ್‌ರೂಂ ತೊಳೆಯುವ ಆಸಿಡ್ಡಿಗಿಂತ ಸಿಟ್ರಿಕ್ ಆಮ್ಲ ವಾಸಿ. ನಿಧಾನ, ಆದರೆ ಹೊಗೆ ಇಲ್ಲ. ಬಾತ್‌ರೂಂ ಆಸಿಡ್ ಅಂದರೆ ಹೈಡ್ರೋಕ್ಲೋರಿಕ್, ಅದರ ಬಾಟಲಿಯನ್ನು ಷೆಡ್ಡಿನಲ್ಲಿ ಬರೀ ತೆರೆದಿಟ್ಟರೂ ಸಾಕು, ಅವನ ಸ್ಪ್ಯಾನರುಗಳೆಲ್ಲ ವಾರದಲ್ಲಿ ಕೆಂಪಾಗುತ್ತವೆ. ನಮ್ಮ ಉಪ್ಪುಗಾಳಿ ಬೇರೆ ಜೊತೆಗಿದೆ. ಒಂದೇ ಎಚ್ಚರ, ಸಿಟ್ರಿಕ್ ಕೊಳೆಯನ್ನು ನಿಕ್ಕಲ್ ಕೊಳೆಗೆ ಬೆರೆಸಬಾರದು. ಸಿಟ್ರೇಟ್ ಲೋಹವನ್ನು ಹಿಡಿದುಕೊಂಡುಬಿಡುತ್ತದೆ, ಆಮೇಲೆ ಎಷ್ಟು ಸುಣ್ಣ ಸುರಿದರೂ ಗಸಿ ಕೂರುವುದಿಲ್ಲ. ಕರೆಂಟು ಹಾಯಿಸಿ ತುಕ್ಕು ತೆಗೆಯುತ್ತೇನೆ ಅಂದರೆ ವಾಷಿಂಗ್ ಸೋಡಾ ನೀರು ಬಳಸಲಿ. ಅಡುಗೆ ಉಪ್ಪು ಹಾಕಿದರೆ ಕ್ಲೋರಿನ್ ಏಳುತ್ತದೆ. ಸ್ಟೀಲ್ ಚಮಚ, ಸ್ಟೀಲ್ ತಟ್ಟೆ ಇವನ್ನು ಆನೋಡಾಗಿ ಇಳಿಬಿಡಲೇಬಾರದು. ಸ್ಟೇನ್‌ಲೆಸ್ ಸ್ಟೀಲಿನಲ್ಲಿರುವ ಕ್ರೋಮಿಯಂ ಹೆಕ್ಸಾವೇಲೆಂಟ್ ಆಗಿ ನೀರಿಗೆ ಬರುತ್ತದೆ. ಹಳೇ ಕಬ್ಬಿಣದ ಪಟ್ಟಿ ಸಾಕು.

ಹೀಗೆ ಕರೆಂಟು ಹಾಯಿಸಿ ತುಕ್ಕು ತೆಗೆಯುವಾಗ ಹೈಡ್ರೋಜನ್ ಏಳುತ್ತದೆ. ಹತ್ತು ಆಂಪಿಯರ್ ಒಂದು ಗಂಟೆ ಹಾಯಿಸಿದರೆ ನಾಲ್ಕೂವರೆ ಲೀಟರ್. ತೆರೆದ ಷೆಡ್ಡಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಆವಿ ಬರದಿರಲಿ ಅಂತ ತೊಟ್ಟಿಗೆ ಮುಚ್ಚಳ ಹಾಕಿದರೆ ಕೆಟ್ಟಿತು. ಮುಚ್ಚಳದಡಿ ಇಪ್ಪತ್ತು ಲೀಟರ್ ಖಾಲಿ ಜಾಗ ಇದ್ದರೆ, ಹತ್ತು ಹನ್ನೊಂದು ನಿಮಿಷದಲ್ಲಿ ಹೈಡ್ರೋಜನ್ ನೂರಕ್ಕೆ ನಾಲ್ಕು ಪಾಲು ಮುಟ್ಟುತ್ತದೆ, ಒಂದು ಕಿಡಿ ಸಾಕು. ಕರೆಂಟು ಹರಿಯುವಾಗ ಮುಚ್ಚಳ ಇಲ್ಲ, ಕರೆಂಟು ನಿಂತ ಮೇಲೆ ಮುಚ್ಚಳ. ಕ್ಲಿಪ್ಪು ಹಾಕುವುದು, ತೆಗೆಯುವುದು ಸ್ವಿಚ್ ಆಫ್ ಮಾಡಿದ ಮೇಲೆಯೇ.

ಗಾಳಿಗೆ ಸೀಲಿಂಗ್ ಫ್ಯಾನ್ ಆಗದು. ಅದು ಆವಿಯನ್ನು ಕಲಕಿ ಮುಖಕ್ಕೇ ತರುತ್ತದೆ. ತೊಟ್ಟಿಯ ಅಂಚಿನ ಮಟ್ಟದಲ್ಲಿ, ಅವನು ನಿಲ್ಲುವ ಜಾಗದ ಎದುರು ಬದಿಗೆ ಎಳೆದು ಹೊರಹಾಕುವ ಫ್ಯಾನ್ ಬೇಕು, ಪ್ಲಾಸ್ಟಿಕ್ ರೆಕ್ಕೆಯದು, ಮೋಟಾರು ಆವಿಯ ದಾರಿಗೆ ಅಡ್ಡ ಬಾರದ ಹಾಗೆ. ಯಾವ ಕಡೆಗೆ ಅಂತೀರಾ? ಬೇಸಿಗೆಯಲ್ಲಿ ಬೆಳಿಗ್ಗೆ ಪಡುವಣ ಗಾಳಿ, ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಗಾಳಿ ಮೂಡಣದಿಂದ ನುಗ್ಗುತ್ತದೆ. ಪೂರ್ವದ ಕಿಟಕಿ ತೆರೆದು, ಪಶ್ಚಿಮಕ್ಕೆ ಫ್ಯಾನ್ ಇಟ್ಟು, ಸಮುದ್ರದ ಗಾಳಿ ಬಂದ ಮೇಲೆ ಕೆಲಸ ಶುರು ಮಾಡಲಿ. ಪಶ್ಚಿಮಕ್ಕೆ ಇರುವುದು ನಿಮ್ಮ ತೆಂಗಿನ ಮರ ಮತ್ತು ಖಾಲಿ ಸೈಟು. ಪೂರ್ವಕ್ಕೆ ಇರುವುದು ನಮ್ಮ ಅಡುಗೆಮನೆ ಕಿಟಕಿ ಅಂತ ನಾನು ಬಾಯಿಬಿಟ್ಟೇ ಹೇಳುತ್ತೇನೆ. ಹೊಗೆ ಕೊಳವೆ ಯಾವ ಕಡೆಗೆ ತಿರುಗಿದೆ ಅನ್ನುವುದು ಅಕ್ಕಪಕ್ಕದವರು ಕೇಳಬೇಕಾದ ಪ್ರಶ್ನೆಯೇ.

ಕರೆಂಟಿನ ವಿಷಯ ಸಣ್ಣದು. ರಿಚ್ಚಿ ಸ್ಟ್ರೀಟಿನಲ್ಲಿ ಸಿಗುವ ಡಿಸಿ ಪವರ್ ಸಪ್ಲೈ ಸಾಕು, ಕೆಲವೇ ವೋಲ್ಟ್ ಬೇಕಾಗುವುದು. ಕೊಲ್ಲುವುದು ಅದರ ಹಿಂದಿನ 230 ವೋಲ್ಟ್. ಒದ್ದೆ ಕೈ, ಒದ್ದೆ ನೆಲ. ಷೆಡ್ಡಿನ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ, ಪವರ್ ಸಪ್ಲೈಯನ್ನು ಆವಿ ತಾಗದ ಹಾಗೆ ದೂರದ ಗೋಡೆಗೆ ಏರಿಸಿ.

ಇನ್ನು ಅವನ ಮೈ. ಮನೆಯಲ್ಲಿ ಇರುವ ಹಾಗೆ ಲುಂಗಿ, ಹವಾಯಿ ಚಪ್ಪಲಿಯಲ್ಲಿ ಒಳಗೆ ಹೋಗಬಾರದು. ಪೂರಾ ಪ್ಯಾಂಟು, ಮುಚ್ಚಿದ ಬೂಟು, ರಬ್ಬರ್ ಏಪ್ರನ್, ನೈಟ್ರೈಲ್ ಕೈಗವಸು, ಕಣ್ಣನ್ನು ಸುತ್ತಲೂ ಮುಚ್ಚುವ ಗಾಗಲ್. ಸೆಕೆಗೆ ಕಿತ್ತೆಸೆಯುವ ಹಾಗಾದರೆ ಕೆಲಸ ನಿಲ್ಲಿಸಿ ಹೊರಗೆ ಬರಲಿ. ಕೊರೋನಾ ಕಾಲದ ಬಟ್ಟೆ ಮಾಸ್ಕು ಆಸಿಡ್ ಆವಿಗೆ ಏನೂ ಅಲ್ಲ, ಆಸಿಡ್ ಗ್ಯಾಸಿನ ಕಾರ್ಟ್ರಿಜ್ ಇರುವುದೇ ಬೇಕು. ನಿಕ್ಕಲ್ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಒಮ್ಮೆ ತುರಿಕೆ ಶುರುವಾದರೆ ಜೀವಮಾನವಿಡೀ ಗಡಿಯಾರದ ಪಟ್ಟಿ ಕಟ್ಟಿದರೂ ತುರಿಸುತ್ತದೆ. ಕಾಫಿ ಲೋಟ ಷೆಡ್ಡಿನ ಹೊಸಿಲು ದಾಟಬಾರದು, ನೀವು ಪ್ರೀತಿಯಿಂದ ತೆಗೆದುಕೊಂಡು ಹೋಗಿ ಕೊಡುತ್ತೀರಿ ಅಂತ ಮೊದಲೇ ಹೇಳುತ್ತಿದ್ದೇನೆ. ಕಣ್ಣಿಗೆ ಸಿಡಿದರೆ ಹದಿನೈದು ನಿಮಿಷ ಬಿಡದೆ ನೀರು ಹರಿಸಬೇಕು. ಮೇ ತಿಂಗಳಲ್ಲಿ ನಲ್ಲಿಯನ್ನು ನಂಬುವ ಹಾಗಿಲ್ಲ. ಬಾಗಿಲ ಹೊರಗೆ, ನೆರಳಿನಲ್ಲಿ, ಇಪ್ಪತ್ತು ಲೀಟರಿನ ನಲ್ಲಿ ಇರುವ ಕ್ಯಾನುಗಳು ಮೂರ್ನಾಲ್ಕು ಸದಾ ತುಂಬಿರಲಿ. ಅದರ ಪಕ್ಕ ಒಂದು ಬಕೆಟ್ ಅಡುಗೆ ಸೋಡಾ. ಅದು ನೆಲಕ್ಕೆ ಚೆಲ್ಲಿದ ಆಸಿಡ್ಡಿಗೆ, ಕಣ್ಣಿಗಲ್ಲ.

ಆಸಿಡ್ ಕೊಳ್ಳಲು ಹೋದಾಗ ಅಂಗಡಿಯವನು ಗುರುತಿನ ಚೀಟಿ ಕೇಳಿ ರಿಜಿಸ್ಟರಿನಲ್ಲಿ ಬರೆದುಕೊಂಡರೆ ಹುಡುಗ ಸಿಟ್ಟಾಗಬಾರದು. ಲಕ್ಷ್ಮಿ ಎನ್ನುವ ಹೆಣ್ಣುಮಗಳು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಕೊಟ್ಟ ಆದೇಶ ಅದು. ಕೇಳದೆ ಕೊಡುವ ಅಂಗಡಿಯಲ್ಲಿ ಕೊಳ್ಳಬೇಡ ಅನ್ನಿ. ನೀರಿಗೆ ಆಸಿಡ್ ಹಾಕಬೇಕು, ಆಸಿಡ್ಡಿಗೆ ನೀರಲ್ಲ, ಇದು ಅವನಿಗೆ ಗೊತ್ತಿದೆ. ಗೊತ್ತಿಲ್ಲದವರು ಮನೆಯಲ್ಲಿದ್ದಾರೆ. ಮೈಲುತುತ್ತದ ನೀಲಿ, ನಿಕ್ಕಲ್ಲಿನ ಹಸಿರು ನಿಮ್ಮ ಮೊಮ್ಮಗಳ ಕಣ್ಣಿಗೆ ಶರಬತ್ತು. ಕುಡಿಯುವ ನೀರಿನ ಬಾಟಲಿಗೆ ಯಾವುದನ್ನೂ ತುಂಬಬಾರದು, ಪ್ರತಿ ಕ್ಯಾನಿನ ಮೇಲೂ ಕನ್ನಡ, ತಮಿಳು ಎರಡರಲ್ಲೂ ದಪ್ಪ ಅಕ್ಷರದಲ್ಲಿ ಹೆಸರಿರಬೇಕು. ಕೆಲಸದ ಹೆಂಗಸು ತಮಿಳೇ ಓದುವುದು. ಅವರು ಷೆಡ್ಡು ತೊಳೆಯಲು ಬ್ಲೀಚಿಂಗ್ ಪೌಡರ್ ಹಾಕಿ, ಅಲ್ಲಿ ಆಸಿಡ್ ಇದ್ದರೆ ಕ್ಲೋರಿನ್ ಎದ್ದು ಅವರೇ ಬೀಳುತ್ತಾರೆ. ಷೆಡ್ಡಿಗೆ ಅವರನ್ನು ಕಳಿಸಲೇಬೇಡಿ. ಬೀಗ ಹಾಕಿ, ಬೀಗದ ಕೈ ಅವನ ಹತ್ತಿರ ಒಂದು, ನಿಮ್ಮ ಹತ್ತಿರ ಒಂದು.

ಬ್ರೇಕಿನ ಸಾಮಾನು, ಸ್ಪ್ರಿಂಗು, ಮುಂದಿನ ಚಕ್ರ ಹಿಡಿಯುವ ಗಟ್ಟಿ ಬೋಲ್ಟುಗಳಿಗೆ ಅವನು ಕೈ ಹಾಕಬಾರದು. ಪ್ಲೇಟಿಂಗ್ ಮಾಡುವಾಗ ಹೈಡ್ರೋಜನ್ ಗಟ್ಟಿ ಉಕ್ಕಿನೊಳಗೆ ಇಳಿದು ಅದನ್ನು ಪೆಡಸು ಮಾಡುತ್ತದೆ. ಹೊರಗೆ ಹೊಳೆಯುತ್ತಿರುತ್ತದೆ, ಒಂದು ದಿನ ಓಡುವಾಗ ಪಟಕ್ಕನೆ ಮುರಿಯುತ್ತದೆ. ಕಾರ್ಖಾನೆಯಲ್ಲಿ ಕೆಲವೇ ಗಂಟೆಯೊಳಗೆ ಸುಮಾರು 200 ಡಿಗ್ರಿ ಒಲೆಯಲ್ಲಿಟ್ಟು ಅದನ್ನು ಹೊರಗೆ ಹಾಕುತ್ತಾರೆ. ನಿಮ್ಮ ಕೇಕ್ ಮಾಡುವ ಓವನ್ ಆ ಕೆಲಸಕ್ಕೆ ಬೇಡ. ಇನ್ನೊಂದು, ಗೆಳೆಯರ ಗಾಡಿಗೂ ಮಾಡಿಕೊಟ್ಟು ದುಡ್ಡು ತೆಗೆದುಕೊಳ್ಳುತ್ತೇನೆ ಅಂದರೆ ಅದು ಉದ್ಯಮವಾಯಿತು. ಎಲೆಕ್ಟ್ರೋಪ್ಲೇಟಿಂಗ್ ಮಾಲಿನ್ಯ ನಿಯಂತ್ರಣ ಮಂಡಳಿಯ ಕೆಂಪು ಪಟ್ಟಿಯಲ್ಲಿದೆ, ಜನ ವಾಸಿಸುವ ಬೀದಿಯಲ್ಲಿ ಅದಕ್ಕೆ ಜಾಗವಿಲ್ಲ, ಇರಲೂಬಾರದು. ತನ್ನ ಒಂದು ಗಾಡಿ, ಪ್ಲೇಟಿಂಗ್‌ಗೆ ಹತ್ತು ಲೀಟರಿನ ತೊಟ್ಟಿ, ಅಲ್ಲಿಗೆ ಮುಗಿಯಬೇಕು.

ಭಾನುವಾರ ಮಧ್ಯಾಹ್ನ ಅವನನ್ನು ಷೆಡ್ಡಿನಲ್ಲೇ ಇರಲು ಹೇಳಿ, ಸಮುದ್ರದ ಗಾಳಿ ಬಂದ ಮೇಲೆ ನಾನೂ ಬರುತ್ತೇನೆ. ತೊಟ್ಟಿ ಎಲ್ಲಿ ಕೂರಬೇಕು ಅಂತ ಚಾಕ್‌ಪೀಸಿನಲ್ಲಿ ಗುರುತು ಮಾಡಿ, ಅಂಚಿನ ಎತ್ತರಕ್ಕೆ ಊದುಬತ್ತಿ ಹಿಡಿದು ಹೊಗೆ ಯಾವ ಕಡೆಗೆ ಎಳೆಯುತ್ತದೆ ನೋಡೋಣ. ಮುಖದ ಕಡೆಗೆ ಬಂದರೆ ಫ್ಯಾನಿನ ಜಾಗ ಬದಲಾಯಿಸಬೇಕು. ಇವತ್ತು ಇನ್ನೂ ಒಂದು ಗ್ರಾಂ ಪುಡಿಯೂ ಬಂದಿಲ್ಲವಾದ್ದರಿಂದ ಬೆಂಕಿ ಕಡ್ಡಿ ಗೀರಬಹುದು, ಆಮೇಲೆ ಅಲ್ಲಿ ಅದೂ ಇಲ್ಲ. ಮೇಸ್ತ್ರಿ ಫೋನ್ ನಂಬರ್ ನನ್ನ ಹತ್ತಿರ ಇದೆ, ಜಾಲರಿ ಮುಚ್ಚಲು ಶನಿವಾರವೇ ಬರಲು ಹೇಳಲೇ?